ಕಾಳ್ಗಿಚ್ಚು ಆರಿದ ಮೇಲೆ ಬರುವ ಮೊದಲ ಮಳೆ

2019ರ ಫೆಬ್ರುವರಿ ಕೊನೆಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹಬ್ಬಿದ ಬೆಂಕಿಯನ್ನು ಆರಿಸಲು ವಾಯುಪಡೆಯ ಹೆಲಿಕಾಪ್ಟರ್‌ಗಳೇ ಬರಬೇಕಾಯಿತು. ಸುಟ್ಟ ಕಾಡಿನ ವಿಸ್ತೀರ್ಣ, ಸತ್ತ ಪ್ರಾಣಿಗಳು, ಬೆಂಕಿ ಇಟ್ಟವರು ಯಾರೆಂಬ ತನಿಖೆ, ಇವೆಲ್ಲ ಆಗ ಚರ್ಚೆಗೆ ಬಂದವು. ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೆಲಸದಲ್ಲಿರುವ ನನ್ನಂಥವರಿಗೆ ಕಾಡುವ ಪ್ರಶ್ನೆ ಬೇರೆ: ಸುಟ್ಟ ಇಳಿಜಾರಿನ ಮೇಲೆ ಮೊದಲ ಬಿರುಮಳೆ ಬೀಳುವ ಹೊತ್ತಿಗೆ ನೆಲದ ಮೇಲೆ ಏನು ಉಳಿದಿರುತ್ತದೆ? ನಮ್ಮ ಎಲೆಯುದುರುವ ಕಾಡುಗಳಲ್ಲಿ ಬೆಂಕಿಯ ಕಾಲ ಜನವರಿಯಿಂದ ಮೇ ತಿಂಗಳವರೆಗೆ. ಏಪ್ರಿಲ್ ನಡುವಿನಿಂದ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳು ಗುಡುಗು ಸಿಡಿಲಿನೊಂದಿಗೆ ಸುರಿಯತೊಡಗುತ್ತವೆ. ಈ ಎರಡರ ನಡುವೆ ಹುಲ್ಲು ಚಿಗುರಿ ನೆಲವನ್ನು ಮುಚ್ಚುವಷ್ಟು ಅವಕಾಶ ಬಹಳ ಸಲ ಸಿಗುವುದೇ ಇಲ್ಲ. ಸವಕಳಿಯ ಪ್ರಮಾಣವನ್ನು ನಿರ್ಧರಿಸುವುದರಲ್ಲಿ ಜ್ವಾಲೆಯ ಎತ್ತರಕ್ಕಿಂತ ಈ ಅಂತರದ ಪಾತ್ರವೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಕಾಡಿನ ನೆಲವನ್ನು ಕಾಯುವುದು ಮರಗಳಿಗಿಂತ ಹೆಚ್ಚಾಗಿ ತರಗೆಲೆ. ಗುಡುಗುಮಳೆಯ 5 ಮಿಲಿಮೀಟರ್ ದಪ್ಪದ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದಪ್ಪಳಿಸುತ್ತದೆ. ತರಗೆಲೆಯ ಹೊದಿಕೆ ಇದ್ದರೆ ಆ ಹೊಡೆತ ಅಲ್ಲಿಯೇ ಸತ್ತು, ನೀರು ನಿಧಾನವಾಗಿ ಇಂಗುತ್ತದೆ. ಹೊದಿಕೆ ಸುಟ್ಟುಹೋಗಿದ್ದರೆ ಹನಿ ನೇರವಾಗಿ ಮಣ್ಣಿನ ಸಣ್ಣ ಉಂಡೆಗಳನ್ನು ಒಡೆದು, ಅತಿ ಸಣ್ಣ ಕಣಗಳನ್ನು ಎರಚಿ, ಆ ಕಣಗಳೂ ಬೂದಿಯೂ ಸೇರಿ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಬೆಂಕಿಗೆ ಮೊದಲು ಇಂಗುತ್ತಿದ್ದ ಅದೇ ಮಳೆ ಈಗ ಹರಿನೀರಾಗುತ್ತದೆ. ಮೊದಲು ಬೆರಳಗಲದ ಕೊರೆತ, ಬಳಿಕ ಕೊರಕಲು, ಇಳಿಜಾರು ಉದ್ದವಿದ್ದರೆ ಹಳ್ಳ. ಅರ್ಧ ಗಂಟೆಯಲ್ಲಿ 30 ಮಿಲಿಮೀಟರ್ ಮಳೆಯೆಂದರೆ ಒಂದು ಹೆಕ್ಟೇರಿನ ಮೇಲೆ 3 ಲಕ್ಷ ಲೀಟರ್ ನೀರು, ಅದರ ಬಹುಪಾಲು ಇಂಗದೆ ಕೆಳಕ್ಕೆ ಓಡಿದರೆ ಏನಾದೀತೆಂದು ಊಹಿಸಬಹುದು.

ಬೆಂಕಿಯ ನಂತರದ ಸವಕಳಿಯ ಬಗ್ಗೆ ಓದಿದವರು ಸಾಮಾನ್ಯವಾಗಿ ಮೊದಲು ಹೇಳುವುದು ನೀರನ್ನು ಒಲ್ಲದ ಮಣ್ಣಿನ ಪದರದ ಬಗ್ಗೆ. ಅಮೆರಿಕದ ಮಣ್ಣುವಿಜ್ಞಾನಿ ಲಿಯೊನಾರ್ಡ್ ಡಿಬ್ಯಾನೊ ಮತ್ತಿತರರು ಕ್ಯಾಲಿಫೋರ್ನಿಯಾದ ಕುರುಚಲು ಕಾಡುಗಳಲ್ಲಿ ವಿವರಿಸಿದ ಪ್ರಕ್ರಿಯೆ ಇದು. ಎಲೆ ಮತ್ತು ಬೇರಿನ ಅವಶೇಷಗಳಲ್ಲಿರುವ ಮೇಣದಂಥ ವಸ್ತುಗಳು ಬಿಸಿಗೆ ಆವಿಯಾಗಿ, ಕೆಳಗಿನ ತಂಪಾದ ಮಣ್ಣಿಗೆ ಇಳಿದು, ಕಣಗಳ ಮೇಲೆ ಲೇಪದಂತೆ ಕೂರುತ್ತವೆ. ಮಣ್ಣಿನ ಉಷ್ಣತೆ ಸುಮಾರು 175ರಿಂದ 200 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಈ ಗುಣ ಬಲಗೊಳ್ಳುತ್ತದೆ. 280ರಿಂದ 300 ಡಿಗ್ರಿ ಮೀರಿದರೆ ಆ ವಸ್ತುಗಳೇ ಸುಟ್ಟು ಲೇಪ ನಾಶವಾಗುತ್ತದೆ. ಅದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಬೂದಿಯನ್ನು ಮೆಲ್ಲಗೆ ಸರಿಸಿ ಮಣ್ಣಿನ ಮೇಲೆ ಒಂದು ಹನಿ ನೀರು ಬಿಡಬೇಕು; 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಹನಿ ಮುತ್ತಿನಂತೆ ನಿಂತರೆ ಅಲ್ಲಿ ಆ ಪದರವಿದೆ ಎಂದರ್ಥ. ಒಂದೆರಡು ಸೆಂಟಿಮೀಟರ್ ಕೆರೆದು ಮತ್ತೆ ನೋಡುವುದು ಅಗತ್ಯ, ಏಕೆಂದರೆ ಪದರ ಅನೇಕ ವೇಳೆ ಕೆಳಗೆ ಅಡಗಿರುತ್ತದೆ.

ಆದರೆ ಆ ವಿವರಣೆಯನ್ನು ನಮ್ಮ ಕಾಡುಗಳಿಗೆ ಹಾಗೆಯೇ ಹೊಂದಿಸುವುದು ಸರಿಯಲ್ಲ. ಒಣಹುಲ್ಲು ಮತ್ತು ತರಗೆಲೆಯ ಮೇಲೆ ಬೇಗ ಸಾಗಿಹೋಗುವ ನೆಲಬೆಂಕಿಯ ಶಾಖ ಮಣ್ಣಿನ ಆಳಕ್ಕೆ ಹೆಚ್ಚಾಗಿ ಇಳಿಯುವುದಿಲ್ಲ. ಬಿದ್ದ ದಿಮ್ಮಿಗಳು ಗಂಟೆಗಟ್ಟಲೆ ಉರಿದ ಜಾಗ, ಒಣಗಿದ ಬಿದಿರು ಮೆಳೆಗಳು, ದಟ್ಟವಾಗಿ ಹಬ್ಬಿದ ಲಂಟಾನ ಎಂಬ ಕಳೆಯ ಪೊದೆಗಳ ಅಡಿ, ಇಂಥಲ್ಲಿ ಮಾತ್ರ ಮಣ್ಣು ತೀವ್ರವಾಗಿ ಕಾಯುತ್ತದೆ. ಅಲ್ಲಿ ಸಾವಯವ ಅಂಶವೂ ಉರಿದು, ಕಣಗಳನ್ನು ಹಿಡಿದಿಟ್ಟ ಅಂಟು ಹೋಗಿ, ಮಣ್ಣು ಹುಡಿಯಾಗಿರುತ್ತದೆ. ಉಳಿದೆಡೆ ನಮ್ಮ ಮುಖ್ಯ ನಷ್ಟ ಹೊದಿಕೆಯದೇ. ಬೇಸಿಗೆಗೆ ಮೊದಲೇ ಮರಗಳು ಎಲೆ ಉದುರಿಸಿಕೊಂಡಿರುವುದರಿಂದ, ಬೆಂಕಿಯ ಬಳಿಕ ಮೇಲಿನಿಂದ ಉದುರಿ ನೆಲವನ್ನು ಮುಚ್ಚಲು ಬೇರೆ ಎಲೆಗಳೂ ಇರುವುದಿಲ್ಲ.

ತೇಗದ ನೆಡುತೋಪುಗಳನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಲೇಬೇಕು. ತೇಗದ ಅಗಲವಾದ ಎಲೆಗಳ ಮೇಲೆ ಮಳೆಹನಿಗಳು ಕೂಡಿ ಇನ್ನೂ ದಪ್ಪ ಹನಿಗಳಾಗಿ ತೊಟ್ಟಿಕ್ಕುತ್ತವೆ. ಹತ್ತಾರು ಅಡಿ ಎತ್ತರದಿಂದ ಬೀಳುವ ಆ ಹನಿಗಳ ಹೊಡೆತ ಬಯಲಿನ ಮಳೆಯ ಹೊಡೆತಕ್ಕಿಂತಲೂ ಬಲವಾಗಿರಬಹುದು. ಕೆಳಗೆ ತರಗೆಲೆಯೂ ಪೊದೆಯೂ ಇದ್ದರೆ ತೊಂದರೆಯಿಲ್ಲ. ವರ್ಷವರ್ಷವೂ ಬೆಂಕಿ ಬೀಳುವ ತೋಪಿನಲ್ಲಿ ಮಾತ್ರ ಮರ ಹಸಿರಾಗಿ ನಿಂತಿದ್ದರೂ ಬುಡದ ಮಣ್ಣು ಕೊಚ್ಚಿಹೋಗಿ, ಬೇರುಗಳು ಹೊರಗೆ ಕಾಣುತ್ತಿರುತ್ತವೆ. ಉಪಗ್ರಹ ಚಿತ್ರದಲ್ಲಿ ಹಸಿರು ಮರಳಿದೆಯೆಂದು ನೆಮ್ಮದಿ ಪಡುವವರು ಇಂಥ ತೋಪಿನೊಳಗೆ ಒಮ್ಮೆ ನಡೆದು ನೋಡಬೇಕು.

ಬೆಂಕಿಗೂ ಮಳೆಗೂ ನಡುವಿನ ಅಂತರ ತೀರ ಕಡಿಮೆಯಾದಾಗ ಏನಾಗುತ್ತದೆಂಬುದಕ್ಕೆ ಕ್ಯಾಲಿಫೋರ್ನಿಯಾದ ಮಾಂಟೆಸಿಟೊ ಸಾಕ್ಷಿ. 2017ರ ಡಿಸೆಂಬರ್‌ನಲ್ಲಿ ಹೊತ್ತಿಕೊಂಡ ಥಾಮಸ್ ಕಾಳ್ಗಿಚ್ಚು ಊರಿನ ಹಿಂದಿನ ಕಡಿದಾದ ಬೆಟ್ಟಗಳನ್ನು ಸುಟ್ಟಿತ್ತು. 2018ರ ಜನವರಿ 9ರ ನಸುಕಿನಲ್ಲಿ ಐದೇ ನಿಮಿಷಗಳಲ್ಲಿ ಸುಮಾರು ಅರ್ಧ ಅಂಗುಲ ಮಳೆ ಬಿತ್ತು. ಕೆಸರು, ಬಂಡೆ, ಮರದ ದಿಮ್ಮಿಗಳು ಒಟ್ಟಾಗಿ ಕಣಿವೆಗಳಲ್ಲಿ ನುಗ್ಗಿ ಮನೆಗಳನ್ನು ಕೊಚ್ಚಿದವು. 23 ಜನ ಸತ್ತರು. ಬಂಡೀಪುರದ ಸಾಧಾರಣ ಇಳಿಜಾರುಗಳಲ್ಲಿ ಇಂಥ ದುರಂತ ನಡೆಯುತ್ತದೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಆಗುವುದು ಸದ್ದಿಲ್ಲದ ನಷ್ಟ: ಒಂದು ಹೆಕ್ಟೇರಿನಿಂದ ಒಂದೇ ಒಂದು ಮಿಲಿಮೀಟರ್ ಮೇಲ್ಮಣ್ಣು ಹೋದರೂ ಅದು ಹನ್ನೆರಡು ಟನ್ನಿನಷ್ಟಾಗುತ್ತದೆ. ಬೂದಿಯಲ್ಲಿನ ರಂಜಕ, ಪೊಟ್ಯಾಷ್, ಸುಣ್ಣದ ಅಂಶಗಳೂ ಅದರೊಂದಿಗೆ ಹೋಗುತ್ತವೆ. ಬೂದಿ ಗೊಬ್ಬರವೆಂಬ ಮಾತು ನಿಜವೇ, ಆದರೆ ಅದು ನೆಲದಲ್ಲಿ ಉಳಿದರೆ ಮಾತ್ರ. ಬಂಡೀಪುರ, ನಾಗರಹೊಳೆಯ ಕಾಡುಗಳ ಹಳ್ಳಗಳು ಸೇರುವ ಕಬಿನಿ, ನುಗು ಜಲಾಶಯಗಳಿಗೆ ಈ ಮಣ್ಣು ಹೂಳಾಗಿ ತಲುಪುತ್ತದೆ.

ಇಡೀ ಸುಟ್ಟ ಪ್ರದೇಶಕ್ಕೆ ಚಿಕಿತ್ಸೆ ಮಾಡುವುದು ಅಸಾಧ್ಯ, ಅನಗತ್ಯವೂ ಹೌದು. ಬೆಂಕಿ ಆರಿದ ಒಂದೆರಡು ವಾರಗಳಲ್ಲಿ ತೀವ್ರವಾಗಿ ಸುಟ್ಟ, ಕಡಿದಾದ, ಹಳ್ಳಕ್ಕೆ ಹತ್ತಿರದ ತುಂಡುಗಳನ್ನು ಗುರುತಿಸಿ, ಅಲ್ಲಿ ಮಾತ್ರ ನೆಲ ಮುಚ್ಚುವ ಕೆಲಸ ಆಗಬೇಕು. ಕಡಿದು ಬಿದ್ದಿರುವ ರೆಂಬೆಗಳನ್ನು ಇಳಿಜಾರಿಗೆ ಅಡ್ಡವಾಗಿ, ನೆಲಕ್ಕೆ ತಾಗುವಂತೆ ಹರಡಬಹುದು. ಲಂಟಾನ ಬಳಸುವುದಾದರೆ ಬೀಜವಿಲ್ಲದ ಒಣ ಕಡ್ಡಿಯನ್ನಷ್ಟೇ ಹರಡಬೇಕು. ಹೊಸದಾಗಿ ಮೂಡುತ್ತಿರುವ ಕೊರಕಲಿನ ತಲೆಯಲ್ಲಿ ಒಣಕಲ್ಲಿನ ಸಣ್ಣ ತಡೆಗಳನ್ನಿಡಬಹುದು. ಹುಲ್ಲಿನ ಬೀಜ ಎರಚುವುದು ಸುಲಭವಾಗಿ ಕಂಡರೂ ಮೊದಲ ಬಿರುಮಳೆಗೆ ಮುಂಚೆ ಅದು ಮೊಳೆತು ನೆಲ ಮುಚ್ಚುವುದು ಅಪರೂಪ. ಯಂತ್ರ ತಂದು ಇಂಗುಗುಂಡಿ ತೋಡುವುದನ್ನಂತೂ ನಾನು ಬಲವಾಗಿ ವಿರೋಧಿಸುತ್ತೇನೆ; ಸಡಿಲಗೊಂಡ ಮಣ್ಣನ್ನು ಇನ್ನಷ್ಟು ಸಡಿಲಿಸಿ, ಉಳಿದಿರುವ ಬೇರುಗಳನ್ನೂ ಕಿತ್ತು, ಅದು ಸವಕಳಿಗೆ ದಾರಿ ಮಾಡಿಕೊಡುತ್ತದೆ. ಸುಟ್ಟ ದಿಮ್ಮಿಗಳನ್ನು ಎಳೆದು ಸಾಗಿಸುವ ಕೆಲಸವೂ ಒಂದು ಮಳೆಗಾಲ ಕಾಯಲಿ. ಮೊದಲ ಚಿಗುರಿಗೆ ದನಕರುಗಳನ್ನು ಬಿಡದಿರುವುದು ಖರ್ಚಿಲ್ಲದ ಉಪಾಯ, ಆದರೆ ಅಂಚಿನ ಊರಿನವರಿಗೆ ಆ ಕೆಲವು ತಿಂಗಳ ಮೇವನ್ನು ಬೇರೆಡೆಯಿಂದ ಒದಗಿಸದೆ ಅವರಿಂದ ಅದನ್ನು ಕೇಳುವುದು ನ್ಯಾಯವಲ್ಲ, ಮತ್ತು ಆ ಮೇವಿನ ಲೆಕ್ಕವನ್ನು ಬೆಂಕಿಯ ಕಾಲಕ್ಕೆ ಮುಂಚೆಯೇ ಹಾಕಿಡಬೇಕು.