ಕನೆಕ್ಷನ್ ಐಡಿ: ಅದು ಮನುಷ್ಯನ ಗುರುತಲ್ಲ

ತೊಗರಿ ದರವನ್ನು ಲೈವ್ ತೋರಿಸುವ ವಿದ್ಯಾರ್ಥಿಗಳ ಪ್ರಾಜೆಕ್ಟೊಂದನ್ನು ಈಚೆಗೆ ಕಲಬುರಗಿಯಲ್ಲಿ ನೋಡಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ, ಪಕ್ಕದಲ್ಲಿ ‘ಆನ್‌ಲೈನ್ ಬಳಕೆದಾರರು’ ಎಂದು ಒಂದು ಅಂಕಿ. ‘ಇಷ್ಟು ಮಂದಿ ಈಗ ನೋಡ್ಲಾಕತ್ತಾರ್ರಿ ಸರ್’ ಎಂದು ಹುಡುಗ ಹೆಮ್ಮೆಯಿಂದ ಹೇಳಿದ. ಕೋಡ್ ತೆರೆದರೆ ಬಳಕೆದಾರರ ಟೇಬಲಿನಲ್ಲಿ ಕನೆಕ್ಷನ್ ಐಡಿಯೇ ಪ್ರೈಮರಿ ಕೀ, ಅಂದರೆ ಒಬ್ಬೊಬ್ಬ ಬಳಕೆದಾರನನ್ನು ಗುರುತಿಸುವ ಕೀಲಿ. ಈ ತಪ್ಪನ್ನು ಪ್ರಾಜೆಕ್ಟುಗಳಲ್ಲಿ, ಟ್ಯುಟೋರಿಯಲ್‌ಗಳಲ್ಲಿ, ಸಂಬಳ ತೆಗೆದುಕೊಳ್ಳುವವರು ಬರೆದ ಕೋಡಿನಲ್ಲೂ ಕಂಡು ಸಾಕಾಗಿದೆ. ಹಾಗಾಗಿ ಈ ಸಲ ಈ ಪದ.

ಸರ್ವರ್ ಜತೆ ತೆರೆದಿರುವ ಒಂದು ಕೊಂಡಿಗೆ, ಅದು ತೆರೆದಿರುವಷ್ಟು ಹೊತ್ತಿಗೆ ಮಾತ್ರ, ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಕೊಡುವ ಗುರುತೇ ಕನೆಕ್ಷನ್ ಐಡಿ. ಅಂಥ ಲೈಬ್ರರಿಗಳ ಪೈಕಿ ಸಿಗ್ನಲ್‌ಆರ್‌ನಲ್ಲಿ ಅದನ್ನು ಹಾಗೆಯೇ ಕರೆಯುತ್ತಾರೆ, ಸಾಕೆಟ್‌.ಐಒದಲ್ಲಿ ಅದು ಸಾಕೆಟ್ ಐಡಿ. ಪುಟ ರಿಫ್ರೆಶ್ ಆದರೆ ಹೊಸ ಐಡಿ. ಇನ್ನೊಂದು ಟ್ಯಾಬ್ ತೆರೆದರೆ ಇನ್ನೊಂದು ಐಡಿ. ನೆಟ್‌ವರ್ಕ್ ಹೋಗಿ ಬಂದರೂ ಸಾಮಾನ್ಯವಾಗಿ ಹೊಸದೇ. ಸಾಕೆಟ್‌.ಐಒ 4.6ರಿಂದೀಚೆಗೆ, ಅಲ್ಪ ಕಾಲ ಕಡಿದುಹೋದ ಕನೆಕ್ಷನ್ನಿಗೆ ಹಳೆಯ ಐಡಿಯನ್ನೇ ಮರಳಿ ಕೊಡುವ ಐಚ್ಛಿಕ ಸೌಲಭ್ಯ ಇದೆ. ಅದು ನಡುವೆ ತಪ್ಪಿಹೋದ ಸಂದೇಶಗಳನ್ನು ತಲುಪಿಸಲಿಕ್ಕೆ. ವ್ಯಕ್ತಿಯನ್ನು ಗುರುತಿಸಲಿಕ್ಕೆ ಅಲ್ಲ.

ಗೊಂದಲದ ಬೇರು ಹಳೆಯದು. ಎರಡು ಯಂತ್ರಗಳ ನಡುವೆ ಕೊಂಡಿ ಹಾಕುವ ಟಿಸಿಪಿ ನಿಯಮಾವಳಿಯ 1981ರ ದಾಖಲೆ ಆರ್‌ಎಫ್‌ಸಿ 793ರಲ್ಲಿ ಸಾಕೆಟ್ ಎಂದರೆ ಒಂದು ವಿಳಾಸ (ಐಪಿ) ಮತ್ತು ಒಂದು ಪೋರ್ಟ್ (ಯಂತ್ರದೊಳಗಿನ ಬಾಗಿಲ ಸಂಖ್ಯೆ), ಅಷ್ಟೆ. ಅಂಥ ಎರಡು ಸಾಕೆಟ್‌ಗಳ ಜೋಡಿಯೇ ಕನೆಕ್ಷನ್ನಿನ ಗುರುತು: ಈ ತುದಿಯ ಐಪಿ ಮತ್ತು ಪೋರ್ಟ್, ಆ ತುದಿಯ ಐಪಿ ಮತ್ತು ಪೋರ್ಟ್. ಈ ನಾಲ್ಕರಲ್ಲಿ ಮನುಷ್ಯ ಎಲ್ಲಿಯೂ ಇಲ್ಲ, ಇರಬೇಕೆಂದು ಯಾರೂ ಬಯಸಿರಲೂ ಇಲ್ಲ. ಇದರ ಮೇಲೆ ಕಟ್ಟಿದ, ವೆಬ್ ಪುಟಗಳನ್ನು ತರುವ ಎಚ್‌ಟಿಟಿಪಿ ಪ್ರತಿ ವಿನಂತಿಗೆ ಉತ್ತರ ಕೊಟ್ಟು ಮರೆತುಬಿಡುವ ಸ್ವಭಾವದ್ದು. ‘ಇದು ಅದೇ ಬ್ರೌಸರ್’ ಎಂದು ನೆನಪಿಡಲು 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಕುಕಿಯನ್ನು, ಅಂದರೆ ಬ್ರೌಸರ್ ಪ್ರತಿ ವಿನಂತಿಯ ಜತೆ ಮರಳಿಸುವ ಪುಟ್ಟ ಗುರುತುಚೀಟಿಯನ್ನು, ತಂದರು. ಅಂದಿನಿಂದ ನಾವು ವ್ಯಕ್ತಿಯನ್ನು ಹುಡುಕುವುದು ಕುಕಿಯಲ್ಲಿ, ಲಾಗಿನ್ ಆದವರಿಗೆ ಕೊಡುವ ಟೋಕನ್ನಿನಲ್ಲಿ. ಕನೆಕ್ಷನ್ನಿನಲ್ಲಿ ಯಾರೂ ಹುಡುಕುತ್ತಿರಲಿಲ್ಲ, ಏಕೆಂದರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

2011ರ ಡಿಸೆಂಬರಿನಲ್ಲಿ, ಎರಡೂ ಕಡೆಯಿಂದ ಸಂದೇಶ ಕಳಿಸಲು ಕೊಂಡಿಯನ್ನು ತೆರೆದಿಡುವ ವೆಬ್‌ಸಾಕೆಟ್ ಆರ್‌ಎಫ್‌ಸಿ 6455 ಆಗಿ ಬಂದಾಗ ಇದು ತಿರುವುಮುರುವಾಯಿತು. ಕೊಂಡಿ ಗಂಟೆಗಟ್ಟಲೆ ತೆರೆದಿರುತ್ತದೆ, ಕೋಡಿನಲ್ಲಿ ಆಬ್ಜೆಕ್ಟ್ ಆಗಿ ಕೈಗೆ ಸಿಗುತ್ತದೆ, ಅದಕ್ಕೊಂದು ಐಡಿಯೂ ಇರುತ್ತದೆ. ಕೈಗೆ ಸಿಕ್ಕಿದ್ದನ್ನೇ ಬಳಕೆದಾರ ಎಂದು ತಿಳಿಯುವುದು ಇಲ್ಲಿಂದ ಶುರುವಾಯಿತು. ಆದರೆ ವ್ಯಕ್ತಿಯ ಗುರುತು ಇಲ್ಲಿಯೂ ಕುಕಿ ಅಥವಾ ಟೋಕನ್ ಮೂಲಕವೇ ಬರಬೇಕು. ಕುಕಿ ಬರುವುದಂತೂ ಒಂದೇ ಸಲ, ‘ಇನ್ನು ವೆಬ್‌ಸಾಕೆಟ್’ ಎಂದು ಸರ್ವರ್ ಒಪ್ಪುವ ಸ್ಟೇಟಸ್ 101 ಉತ್ತರಕ್ಕೆ ಮುಂಚಿನ ಎಚ್‌ಟಿಟಿಪಿ ವಿನಂತಿಯಲ್ಲಿ. ಆಮೇಲಿನ ಯಾವ ಫ್ರೇಮಿನಲ್ಲೂ (ಸಂದೇಶದ ತುಣುಕಿನಲ್ಲೂ) ಅದು ಇಲ್ಲ. ಆಗಲೇ ‘ಈ ಕನೆಕ್ಷನ್ ಇವರದು’ ಎಂದು ಬರೆದಿಟ್ಟುಕೊಳ್ಳಬೇಕು. ಕನೆಕ್ಷನ್ ಟ್ರ್ಯಾಕ್ ಮಾಡುವುದು ಎಂದರೆ ಮೂಲತಃ ಈ ಬರೆದಿಡುವ ಕೆಲಸ.

ಈಗ ಕಲಬುರಗಿಯ ನೆಹರು ಗಂಜ್‌ನ ಒಂದು ಅಡತ ಅಂಗಡಿ ತೆಗೆದುಕೊಳ್ಳಿ. ಅಂಗಡಿಗೆ ಒಂದೇ ಲಾಗಿನ್. ಮಾಲೀಕರ ಫೋನಿನಲ್ಲಿ ಆ್ಯಪ್ ತೆರೆದಿದೆ, ಗುಮಾಸ್ತನ ಕಂಪ್ಯೂಟರಿನಲ್ಲಿ ಎರಡು ಟ್ಯಾಬ್, ಅವನ ಫೋನಿನಲ್ಲಿ ಮತ್ತೊಂದು. ಕನೆಕ್ಷನ್ ನಾಲ್ಕು, ಬಳಕೆದಾರ ಖಾತೆ ಒಂದು, ಮನುಷ್ಯರು ಇಬ್ಬರು. ಯಾರ್ಡಿನ ಗೋಡೆಗೆ ದರ ತೋರಿಸುವ ಟಿವಿ ಹಾಕಿದ್ದರೆ ಅದೂ ಒಂದು ಕನೆಕ್ಷನ್. ಅದನ್ನು ರೈತರು, ಹಮಾಲರು ಎಲ್ಲ ನೋಡುತ್ತಾರೆ, ಲಾಗಿನ್ ಆದವರು ಯಾರೂ ಇಲ್ಲ. ಇವನ್ನೆಲ್ಲ ಕೂಡಿಸಿ ‘ಐದು ಮಂದಿ’ ಎಂದರೆ ಆ ಅಂಕಿಗೆ ಅರ್ಥವೇ ಇಲ್ಲ. ಐಪಿ ವಿಳಾಸದಿಂದ ಎಣಿಸಿದರೆ ಸರಿಯಾಗುತ್ತದೆ ಎನ್ನುವವರಿದ್ದಾರೆ. ಆಗುವುದಿಲ್ಲ. ಮೊಬೈಲ್ ಕಂಪನಿಗಳು ಐಪಿವಿ4ನಲ್ಲಿ ಬಹಳಷ್ಟು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಆಳಂದದವರೂ ಶಹಾಪುರದವರೂ ನಿಮ್ಮ ಸರ್ವರಿಗೆ ಒಂದೇ ಐಪಿಯಾಗಿ ಕಾಣಬಹುದು.

ಸರಿಯಾದ ರಚನೆ ಸರಳ. ಒಬ್ಬ ಬಳಕೆದಾರನಿಗೆ ಕನೆಕ್ಷನ್ ಐಡಿಗಳ ಒಂದು ಗುಂಪು. ಹೊಸ ಕನೆಕ್ಷನ್ ಬಂದರೆ ಗುಂಪಿಗೆ ಸೇರಿಸಿ, ಹೋದರೆ ಆ ಒಂದು ಐಡಿಯನ್ನು ಮಾತ್ರ ತೆಗೆಯಿರಿ, ಗುಂಪು ಪೂರ್ತಿ ಬರಿದಾದಾಗ ಮಾತ್ರ ಆಫ್‌ಲೈನ್ ಎನ್ನಿ. ಬರೀ ಸಂದೇಶ ಕಳಿಸಬೇಕಿದ್ದರೆ ಇಷ್ಟೂ ಬೇಡ. ಸಿಗ್ನಲ್‌ಆರ್‌ನಲ್ಲಿ ಬಳಕೆದಾರನ ಐಡಿಗೇ ನೇರವಾಗಿ ಕಳಿಸಬಹುದು. ಸಾಕೆಟ್‌.ಐಒದಲ್ಲಿ ಬಳಕೆದಾರನ ಐಡಿಯನ್ನೇ ರೂಮಿನ (ಸಾಕೆಟ್‌ಗಳ ಗುಂಪಿನ) ಹೆಸರಾಗಿಸಿ, ಅವನ ಎಲ್ಲ ಸಾಕೆಟ್‌ಗಳನ್ನೂ ಅದಕ್ಕೆ ಸೇರಿಸಿದರೆ ಸಾಕು.

‘ಆ ಒಂದು ಐಡಿಯನ್ನು ಮಾತ್ರ’ ಎಂದೆನಲ್ಲ, ಅದನ್ನು ಇನ್ನೂ ಬಿಡಿಸಿ ಹೇಳಬೇಕು. ಗುಮಾಸ್ತ ಅಂಗಡಿಯ ವೈಫೈಯಲ್ಲಿದ್ದ, ಫೋನ್ ಹಿಡಿದುಕೊಂಡು ತೂಕದ ಕಾಂಟಾ ಕಡೆ ಹೊರಟ. ಫೋನ್ ಮೊಬೈಲ್ ಡೇಟಾಕ್ಕೆ ಬದಲಾಯಿತು, ಐಪಿ ಬದಲಾಯಿತು, ಹಳೆಯ ಟಿಸಿಪಿ ಕೊಂಡಿ ಅಲ್ಲಿಗೆ ಸತ್ತಿತು. ಆ್ಯಪ್ ಕೆಲವೇ ಸೆಕೆಂಡಿನಲ್ಲಿ ಹೊಸ ಕನೆಕ್ಷನ್ ಮಾಡಿಕೊಂಡಿತು. ಹಳೆಯದು ಸತ್ತದ್ದು ಸರ್ವರಿಗೆ ಇನ್ನೂ ಗೊತ್ತೇ ಇಲ್ಲ. ಅರ್ಧ ನಿಮಿಷದ ಮೇಲೆ ಅದಕ್ಕೆ ಗೊತ್ತಾಗುತ್ತದೆ, ಹಳೆಯ ಐಡಿಯ ಹೆಸರಿನಲ್ಲಿ ಡಿಸ್‌ಕನೆಕ್ಟ್ ಕೋಡ್ ಓಡುತ್ತದೆ. ನಿಮ್ಮ ಕೋಡ್ ಅಲ್ಲಿ ‘ಈ ಬಳಕೆದಾರನನ್ನು ತೆಗೆ’ ಎಂದಿದ್ದರೆ ಜೀವಂತ ಇರುವ ಹೊಸ ಕನೆಕ್ಷನ್ ಪಟ್ಟಿಯಿಂದ ಹಾರಿಹೋಯಿತು. ಗುಮಾಸ್ತನ ಪರದೆಯಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಆದರೆ ದರ ಬರುವುದಿಲ್ಲ. ಎರಡು ಕಂಪ್ಯೂಟರ್ ಇಟ್ಟು ಲ್ಯಾಬಿನಲ್ಲಿ ಪರೀಕ್ಷಿಸುವವರಿಗೆ ಈ ದೋಷ ಎಂದೂ ಸಿಗುವುದಿಲ್ಲ. ಹೊರಗೆ ಬಳಕೆಯಲ್ಲಿ ಸಿಕ್ಕಾಗ ಎಲ್ಲರೂ ಬೈಯುವುದು ನೆಟ್‌ವರ್ಕಿಗೆ.

ಇದರ ಜತೆಗೇ ಬರುವ ತಪ್ಪುಕಲ್ಪನೆ: ಡಿಸ್‌ಕನೆಕ್ಟ್ ಎಂಬ ಘಟನೆ ಕನೆಕ್ಷನ್ ಕಡಿದ ಕ್ಷಣವನ್ನು ತಿಳಿಸುತ್ತದೆ ಎಂಬುದು. ಟ್ಯಾಬ್ ಮುಚ್ಚಿದರೆ ಬ್ರೌಸರ್ ಹೇಳಿ ಹೋಗುತ್ತದೆ, ಸುದ್ದಿ ಒಡನೆ ಸಿಗುತ್ತದೆ. ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ ಇಲ್ಲದ ಕಂಪ್ಯೂಟರ್ ಆರಿದರೆ, ಕಲಬುರಗಿಯಿಂದ ಬೀದರಕ್ಕೆ ಹೊರಟ ರೈಲು ಮರಗುತ್ತಿಯ ಸುರಂಗ ಹೊಕ್ಕು ಫೋನಿನ ಸಿಗ್ನಲ್ ಹೋದರೆ, ಯಾರೂ ಏನೂ ಹೇಳುವುದಿಲ್ಲ. ಟಿಸಿಪಿಯನ್ನೇ ನಂಬಿ ಕೂತರೆ, ಸರ್ವರ್ ಏನನ್ನೋ ಕಳಿಸುತ್ತಿದ್ದಾಗ ಲಿನಕ್ಸ್ ಕೈಬಿಡಲು ಸುಮಾರು 15 ನಿಮಿಷ ಬೇಕು. ಏನನ್ನೂ ಕಳಿಸದಿದ್ದರೆ, ಕೊಂಡಿ ಜೀವಂತವೇ ಎಂದು ಟಿಸಿಪಿ ನೋಡುವ ಕೀಪ್‌ಅಲೈವ್‌ನ ಮೊದಲ ತಪಾಸಣೆಯೇ 7200 ಸೆಕೆಂಡ್ ಆದಮೇಲೆ, ಅದೂ ಆ ಆಯ್ಕೆ ಆನ್ ಆಗಿದ್ದರೆ. ಅದಕ್ಕೇ ಲೈಬ್ರರಿಗಳು ತಮ್ಮದೇ ಪಿಂಗ್ (‘ಇದ್ದೀಯಾ?’ ಎಂಬ ಪುಟ್ಟ ಸಂದೇಶ) ಇಟ್ಟುಕೊಂಡಿವೆ. ಸಾಕೆಟ್‌.ಐಒ 25 ಸೆಕೆಂಡಿಗೊಮ್ಮೆ ಪಿಂಗ್ ಕಳಿಸಿ ಉತ್ತರಕ್ಕೆ 20 ಸೆಕೆಂಡ್ ಕಾಯುತ್ತದೆ. ಎಎಸ್‌ಪಿ.ನೆಟ್ ಕೋರ್ ಸಿಗ್ನಲ್‌ಆರ್ ಸರ್ವರ್, ಕ್ಲೈಂಟಿನಿಂದ 30 ಸೆಕೆಂಡ್ ಸದ್ದಿಲ್ಲದಿದ್ದರೆ ಕೈಬಿಡುತ್ತದೆ. ಇವು ಮೊದಲೇ ಇಟ್ಟ ಅಂಕಿಗಳು, ಬದಲಿಸಬಹುದು. ಆದರೆ ಸೊನ್ನೆಗೆ ಇಳಿಸಲಾಗದು. ಬಹಳ ಕಡಿಮೆ ಮಾಡಿದರೆ ಸಿಗ್ನಲ್ ತುಸು ನಿಧಾನವಾದ ಊರಿನವರೆಲ್ಲ ಮತ್ತೆಮತ್ತೆ ಕಡಿದು ಬೀಳುತ್ತಾರೆ. ಔರಾದಿನ ಹಳ್ಳಿಯಲ್ಲಿ ಕೂತವರಿಗೆ ಬೆಂಗಳೂರಿನ ಕಚೇರಿಯ ವೈಫೈ ಮೇಲೆ ಗೊತ್ತುಮಾಡಿದ ಅಂಕಿ ಹೇರಬಾರದು.

ಬಂದಾಗ ಒಂದು ಕೂಡಿಸು, ಹೋದಾಗ ಒಂದು ಕಳೆ ಎಂಬ ಎಣಿಕೆಯನ್ನು ದಯವಿಟ್ಟು ಬಿಡಿ. ಸರ್ವರ್ ಪ್ರಕ್ರಿಯೆ ನಡುವೆಯೇ ಸತ್ತರೆ ಡಿಸ್‌ಕನೆಕ್ಟ್ ಕೋಡ್ ಓಡುವುದೇ ಇಲ್ಲ. ಹೊರಗಿನ ಡೇಟಾ ಸಂಗ್ರಹವಾದ ರೆಡಿಸ್‌ನಲ್ಲಿಟ್ಟ ಅಂಕಿ ಮಾತ್ರ ಹಾಗೇ ಉಳಿದು, ಮರುದಿನ ಖಾಲಿ ಆ್ಯಪ್‌ನಲ್ಲೂ ಜನ ಇದ್ದಂತೆ ತೋರಿಸುತ್ತದೆ. ಪ್ರತಿ ಕನೆಕ್ಷನ್ನಿಗೂ ಕೊನೆಯ ಪಿಂಗ್ ಸಮಯವನ್ನು, ಯಾವ ಸರ್ವರಿನಲ್ಲಿದೆ ಎಂಬುದನ್ನು ಬರೆದಿಡಿ. ಅವಧಿ ಮೀರಿದ್ದನ್ನು ಎಣಿಕೆಯಿಂದ ಬಿಡಿ. ಸರ್ವರ್ ಒಂದಕ್ಕಿಂತ ಹೆಚ್ಚಿದ್ದರೆ ಇದು ಬಿಟ್ಟು ಬೇರೆ ದಾರಿ ಹುಡುಕುವ ಶ್ರಮವೇ ಬೇಡ.

‘ಒಂದು ಸರ್ವರಿಗೆ 65,535 ಕನೆಕ್ಷನ್ ಮಿತಿ’ ಎಂಬುದೂ ಇದೇ ಗೊಂದಲದ ಕೂಸು. ಆ ಅಂಕಿ ಪೋರ್ಟ್ ಸಂಖ್ಯೆಯ 16 ಬಿಟ್‌ಗಳಿಂದ ಬಂದದ್ದು. ಸರ್ವರ್ ಎಲ್ಲ ಕನೆಕ್ಷನ್‌ಗಳಿಗೂ ತನ್ನ ಒಂದೇ ಪೋರ್ಟ್ ಬಳಸುತ್ತದೆ. ಆ ತುದಿಯ ಐಪಿ, ಪೋರ್ಟ್ ಎರಡರಲ್ಲಿ ಒಂದು ಬೇರೆಯಾಗಿದ್ದರೂ ಕನೆಕ್ಷನ್ ಬೇರೆ. ನಿಜವಾದ ಮಿತಿ ಮೆಮೊರಿ ಮತ್ತು, ತೆರೆದ ಪ್ರತಿ ಕೊಂಡಿಗೂ ವ್ಯವಸ್ಥೆ ಕೊಡುವ ಸಂಖ್ಯೆಗಳಾದ ಫೈಲ್ ಡಿಸ್ಕ್ರಿಪ್ಟರ್‌ಗಳದು. ಹಲವು ಲಿನಕ್ಸ್ ಯಂತ್ರಗಳಲ್ಲಿ ಒಂದು ಪ್ರಕ್ರಿಯೆಗೆ ಮೊದಲೇ ಇಟ್ಟಿರುವ ಮಿತಿ ಬರೀ 1024. ಕೋಡ್ ಓಡಿಸುವ ಕೆಲವು ರನ್‌ಟೈಮ್‌ಗಳು ಅದನ್ನು ತಾವೇ ಏರಿಸಿಕೊಳ್ಳುತ್ತವೆ, ಸರ್ವರಿನ ಮುಂದೆ ನಿಂತು ಕೊಂಡಿಗಳನ್ನು ದಾಟಿಸುವ ಪ್ರಾಕ್ಸಿಗೆ ಮಾತ್ರ ನೀವೇ ಕೈಯಾರೆ ಏರಿಸಬೇಕಾಗಬಹುದು.