ಉದ್ಯೋಗ: ಮನೆಗೆಲಸ

ನಾನು ಬಾಗಲಕೋಟೆಯಲ್ಲಿ ಅಪಘಾತ ಪರಿಹಾರದ ಕೇಸು ನಡೆಸುವ ವಕೀಲೆ. ತೀರಿಕೊಂಡವರ ಮನೆಯವರು ಬಂದು ಕೂತಾಗ ಮೂರು ಪ್ರಶ್ನೆ ಕೇಳಲೇಬೇಕು. ವಯಸ್ಸೆಷ್ಟು, ಅವರನ್ನು ನಂಬಿಕೊಂಡವರೆಷ್ಟು ಮಂದಿ, ಏನು ಕೆಲಸ ಮಾಡುತ್ತಿದ್ದರು. ಹೋದವರು ಗಂಡಸಾದರೆ ಮೂರನೆಯದಕ್ಕೆ ಥಟ್ಟನೆ ಉತ್ತರ ಬರುತ್ತದೆ. ಹೆಂಗಸಾದರೆ ಹೆಚ್ಚಾಗಿ ಒಂದೇ ಮಾತು: "ಏನಿಲ್ರೀ, ಮನ್ಯಾಗ ಇರ್ತಿದ್ಲು."

ಇಳಕಲ್ ಕಡೆಯ ನೇಕಾರರೊಬ್ಬರೂ ಹಾಗೇ ಅಂದರು. 38 ವರ್ಷದ ಹೆಂಡತಿಗೆ ಲಾರಿ ಬಡಿದಿತ್ತು. ಪೊಲೀಸರ ಕಾಗದದಲ್ಲೂ 'ಉದ್ಯೋಗ: ಮನೆಗೆಲಸ'. ನಾನೂ ಹಾಗೇ ಬರೆದುಕೊಂಡೆ. ಚಹಾ ಕುಡಿಯುತ್ತಾ ಅವರು ಬೇರೆ ಯಾವುದೋ ಮಾತಿನ ನಡುವೆ ಅಂದರು, "ಆಕಿ ಹೋದ ಮ್ಯಾಲ ಮಗ್ಗ ಅರ್ಧ ದಿನ ನಿಂತಿರ್ತೈತ್ರೀ ಮೇಡಂ."

ಪೆನ್ನು ಮತ್ತೆ ಕೈಗೆತ್ತಿಕೊಂಡೆ. ಯಾಕೆ ನಿಲ್ಲುತ್ತದೆ? ಕಂಡಿಕೆ, ಅಂದರೆ ಅಡ್ಡ ಎಳೆಯ ನೂಲಿನ ಸಣ್ಣ ಸುರುಳಿ, ಸುತ್ತುವವರಿಲ್ಲ. ಮಗ್ಗದಲ್ಲಿ ಆಚೀಚೆ ಓಡುವ ಲಾಳಿಯಲ್ಲಿ ಕಂಡಿಕೆ ಇಲ್ಲದಿದ್ದರೆ ನೇಯುವುದೇನನ್ನು? ಇಳಕಲ್ ಸೀರೆಗೆ ಇನ್ನೊಂದು ಕೆಲಸವೂ ಇದೆ. ಸೀರೆಯ ಒಡಲಿನ ಉದ್ದ ಎಳೆಗಳಿಗೆ ಸೆರಗಿನ ರೇಷ್ಮೆಯ ಉದ್ದ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಅದಕ್ಕೂ ಆಕೆಯೇ ಕೂರುತ್ತಿದ್ದರು. ಆದರೆ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುವ ಸಾಹುಕಾರರ ಪುಸ್ತಕದಲ್ಲಿ ಇದ್ದದ್ದು ಗಂಡನ ಹೆಸರು ಮಾತ್ರ.

ಸರ್ಕಾರದ ಸಮೀಕ್ಷೆಗಳಲ್ಲಿ ಇಂಥವರಿಗೆ 'ಮನೆ ಉದ್ಯಮದಲ್ಲಿ ಸಹಾಯಕರು' ಎನ್ನುತ್ತಾರೆ. ಅಂದರೆ ಲೆಕ್ಕದಲ್ಲಿ ದುಡಿಯುವವರು, ಕೈಗೆ ಸಂಬಳ ಇಲ್ಲ. 2023-24ರಲ್ಲಿ ದೇಶದ ದುಡಿಯುವ ಹೆಂಗಸರಲ್ಲಿ ಮೂವರಲ್ಲಿ ಒಬ್ಬರಿಗಿಂತ ಜಾಸ್ತಿ ಇದೇ ಸಾಲಿನವರು.

'ಮನೆಗೆಲಸ' ಎಂಬ ಆ ಒಂದು ಪದದಿಂದ ಪರಿಹಾರದ ಲೆಕ್ಕ ಏನಾಗುತ್ತದೆ ನೋಡಿ. 38 ವರ್ಷಕ್ಕೆ ಗುಣಕ 15, ಅಂದರೆ ವರ್ಷದ ಆದಾಯವನ್ನು 15ರಿಂದ ಗುಣಿಸುತ್ತಾರೆ. ಮುಂದೆ ಆದಾಯ ಹೆಚ್ಚುತ್ತಿತ್ತು ಎಂದು ಶೇ. 40 ಸೇರಿಸುತ್ತಾರೆ. ಗಂಡ, ಇಬ್ಬರು ಮಕ್ಕಳು, ಅತ್ತೆ ಸೇರಿ ನಾಲ್ವರು ನಂಬಿಕೊಂಡಿದ್ದರೆ ಆಕೆಯ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯುತ್ತಾರೆ. ತಿಂಗಳಿಗೆ 6,000 ಹಿಡಿದರೆ 11,34,000 ರೂಪಾಯಿ. 10,000 ಹಿಡಿದರೆ 18,90,000. ತಿಂಗಳ ಒಂದೊಂದು ಸಾವಿರಕ್ಕೂ ಕೊನೆಯಲ್ಲಿ 1,89,000 ರೂಪಾಯಿ ಹೆಚ್ಚುಕಡಿಮೆ ಆಗುತ್ತದೆ. ಮಕ್ಕಳ ಕಾಲೇಜು ಫೀ ಇದರಲ್ಲೇ ಅಲ್ವಾ?

ಕಾನೂನೂ ನಿಧಾನವಾಗಿಯೇ ಕಲಿತಿದೆ. ಮೋಟಾರು ವಾಹನ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಮೊದಲು ಗಳಿಕೆಯಿಲ್ಲದ ಹೆಂಡತಿಯ ಆದಾಯವೆಂದರೆ ಗಂಡನ ಆದಾಯದ ಮೂರನೇ ಒಂದು ಭಾಗ ಎಂದಿತ್ತು; ಆ ಅನುಸೂಚಿ ಈಗಿಲ್ಲ. ಅದೇ ಅಡುಗೆ, ಅದೇ ಮಕ್ಕಳು, ಗಂಡ ಬಡವನಾದರೆ ಆಕೆಯ ಕೆಲಸವೂ ಅಗ್ಗ! ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳ ಸಾಲಿಗೆ ಸೇರಿಸಿದ್ದನ್ನು 2010ರಲ್ಲಿ ಸುಪ್ರೀಂ ಕೋರ್ಟ್ ಖಾರವಾಗಿಯೇ ಟೀಕಿಸಿತು. 2021ರ ಜನವರಿಯಲ್ಲಿ ಅದೇ ಕೋರ್ಟ್ ಸಮಯ ಬಳಕೆ ಸಮೀಕ್ಷೆಯನ್ನೇ ಮುಂದಿಟ್ಟುಕೊಂಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ದಿನಕ್ಕೆ ಹೆಂಗಸರದು 299 ನಿಮಿಷ, ಗಂಡಸರದು 97. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು, ಗಂಡಸರಿಗೂ ಒಂಬತ್ತು ಉಳಿಯಿತು. ಆ ಕೆಲಸ ಯಾರು ಮಾಡುತ್ತಿದ್ದಾರೋ!

ನಮ್ಮ ಕೇಸಿಗೆ ಬರುತ್ತೇನೆ. ಕಂಡಿಕೆ ಸುತ್ತಲು ಈಗ ಪಕ್ಕದ ಮನೆಯಾಕೆಗೆ ದುಡ್ಡು ಕೊಡುತ್ತಿದ್ದೇವೆ ಎಂದು ಸಾಕ್ಷಿ ಹಾಕಿಸಿದೆ. ಗೆದ್ದೆ ಅಂದುಕೊಂಡೆ. ವಿಮಾ ಕಂಪನಿಯ ವಕೀಲರು ಅದನ್ನೇ ನನ್ನ ಮೇಲೆ ತಿರುಗಿಸಿದರು. "ಕಂಡಿಕೆಗೆ ಕೊಡೋದು ಇಷ್ಟೇ ಅಲ್ವಾ? ಹಾಗಾದರೆ ಅವರ ಆದಾಯವೂ ಇಷ್ಟೇ." ನನ್ನ ತಪ್ಪು ನನಗೇ ಕಂಡಿತು. ಹೆಂಗಸರು ಮಾಡುವ ಕೆಲಸವೆಂದೇ ಆ ಕೂಲಿ ಕಡಿಮೆ. ಆಗಿದ್ದ 1976ರ ಸಮಾನ ವೇತನ ಕಾಯ್ದೆಯೂ ಇಲ್ಲಿ ಕೈಕೊಟ್ಟಿತು. ಗಂಡಾಗಲಿ ಹೆಣ್ಣಾಗಲಿ, ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಅನ್ನುತ್ತಿತ್ತು ಅದು. ಗಂಡಸರು ಕಂಡಿಕೆ ಸುತ್ತುವುದೇ ಇಲ್ಲವಲ್ಲ, ಹೋಲಿಸುವುದು ಯಾರ ಜೊತೆ?

ಹಾಗಾಗಿ ವಾದದಲ್ಲಿ ದಾರಿ ಬದಲಿಸಿದೆ. ಆದಾಯದ ದಾಖಲೆ ಇಲ್ಲದವರಿಗೆ ನಮ್ಮ ಕೋರ್ಟುಗಳು ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿ ನೋಡುತ್ತವೆ. ಅಪಘಾತ ಆದ ವರ್ಷಕ್ಕೆ ತಿಂಗಳ ಆದಾಯ ಇಂತಿಷ್ಟು ಎಂದಿರುತ್ತದೆ, ಗಂಡು-ಹೆಣ್ಣು ಅಂತ ಬೇರೆ ಸಾಲಿಲ್ಲ. ಅದನ್ನೇ ಹಿಡಿದೆ. ಜೊತೆಗೆ ಆಕೆಯ ಸ್ವಸಹಾಯ ಸಂಘದ ಪುಸ್ತಕ ಇಟ್ಟೆ. ವಾರ ತಪ್ಪದೆ ಉಳಿತಾಯ, ಸಾಲದ ಕಂತು, ಆಕೆಯದೇ ಸಹಿ. ನ್ಯಾಯಾಧೀಶರು ಪಟ್ಟಿಯ ಮೊತ್ತವನ್ನೇ ಒಪ್ಪಿದರು. ನಿಮ್ಮ ಮನೆಯಲ್ಲೂ ಸಂಘದ ಪುಸ್ತಕ, ನೇಕಾರರ ಗುರುತಿನ ಚೀಟಿ, ಜಾಬ್ ಕಾರ್ಡ್ ಇದ್ದರೆ ಒಗೆಯಬೇಡಿ. ಪೊಲೀಸರು ಹೇಳಿಕೆ ಬರೆದುಕೊಳ್ಳುವಾಗ 'ಮನೆಗೆಲಸ ಮತ್ತು ನೇಕಾರಿಕೆ' ಎಂದೇ ಬರೆಸಿ.

ಈಗ ಮೂರನೇ ಪ್ರಶ್ನೆಯನ್ನು ನಾನು ಬೇರೆ ಥರ ಕೇಳುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತಿದ್ದರು? ಹೋದ ವಾರ ಗುಳೇದಗುಡ್ಡದ ಹುಡುಗನೊಬ್ಬ ತನ್ನ ಅವ್ವನ ದಿನ ಹೇಳಲು ಶುರು ಮಾಡಿದ. ಮಧ್ಯಾಹ್ನದ ರೊಟ್ಟಿಗೆ ಬರುವಷ್ಟರಲ್ಲಿ ನನ್ನ ಹಾಳೆ ತುಂಬಿ, ಹಿಂದೆ ತಿರುಗಿಸಿ ಬರೆಯಬೇಕಾಯಿತು.