ಹೆಸರು ತಪ್ಪಿದ್ದಕ್ಕೆ ದವಡೆ ಹೋಗುತ್ತಿತ್ತು

2019ರಲ್ಲಿ ಚೆನ್ನೈನ ಸವೀತಾ ದಂತ ಕಾಲೇಜಿಗೆ ಏಳು ವರ್ಷದ ಹುಡುಗನೊಬ್ಬನನ್ನು ಕರೆತಂದರು. ಬಲಗಡೆಯ ಕೆಳದವಡೆ ಊದಿಕೊಂಡಿತ್ತು. ಅವನಿಗೆ ಮೂರು ವರ್ಷ ಇದ್ದಾಗಲೇ ಮನೆಯವರು ಅದನ್ನು ಗಮನಿಸಿದ್ದರು. ಆಪರೇಷನ್ ಮಾಡಿದಾಗ ಸಿಕ್ಕಿದ್ದು ಸುಮಾರು 200 ಗ್ರಾಮಿನ ಒಂದು ಚೀಲ. ಅದನ್ನು ಬಿಡಿಸಿ, ಒಳಗಿದ್ದದ್ದನ್ನು ಒಂದೊಂದಾಗಿ ಹೊರತೆಗೆಯಲು ಹತ್ತಿರಹತ್ತಿರ ಐದು ಗಂಟೆ ಹಿಡಿಯಿತು. ಇದ್ದದ್ದು 526 ಹಲ್ಲು. ಕೆಲವಂತೂ ಸಾಸಿವೆ ಕಾಳಿಗಿಂತ ಚಿಕ್ಕವು. ಅಷ್ಟು ಚಿಕ್ಕದಕ್ಕೂ ತಲೆ, ಬೇರು, ಮೇಲೆ ಎನಾಮಲ್ ಹೊದಿಕೆ ಎಲ್ಲವೂ ಇತ್ತು.

ಓದಿದವರೆಲ್ಲ ಆ ಲೆಕ್ಕಕ್ಕೇ ಬೆರಗಾದರು. ನನಗೆ ಸಮಾಧಾನ ಆಗಿದ್ದು ಬೇರೆ ವಿಷಯಕ್ಕೆ. ಹುಡುಗನಿಗೆ ಬಂದಿದ್ದು ಓಡಾಂಟೋಮ. ಹಲ್ಲು ಹುಟ್ಟಿಸುವ ಅಂಗಾಂಶದಿಂದ ಬೆಳೆಯುವ ಗಡ್ಡೆಗಳಲ್ಲಿ ಇದು ತೀರಾ ಸಾಧು. ಒಮ್ಮೆ ತೆಗೆದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ. ಅದೇ ಮನೆತನದ ಇನ್ನೊಂದು ಗಡ್ಡೆ ಬಂದಿದ್ದರೆ ದವಡೆಯ ಒಂದು ಭಾಗವನ್ನೇ ಕಳೆದುಕೊಳ್ಳಬೇಕಾಗಿತ್ತೇನೋ. ಯಾವುದು ಸಾಧು, ಯಾವುದು ಹಟಮಾರಿ ಎಂದು ಗುರುತಿಸಲು ವೈದ್ಯರಿಗೆ ನೂರೈವತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಅಷ್ಟರೊಳಗೆ ತಪ್ಪು ಹೆಸರು ಬಿದ್ದು, ಬೇಡದ ಕಡೆ ಕತ್ತರಿ ಆಡಿದ್ದೂ ಉಂಟು.

ಹಲ್ಲಿನ ಕೆಲಸ ತಾಯಿಯ ಹೊಟ್ಟೆಯಲ್ಲಿ ಆರನೇ ವಾರಕ್ಕೇ ಶುರುವಾಗುತ್ತದೆ. ಬಾಯಿಯ ಒಳಪದರ ದವಡೆಯೊಳಕ್ಕೆ ಒಂದು ಪಟ್ಟಿಯಂತೆ ಇಳಿಯುತ್ತದೆ. ಅದರಲ್ಲಿ ಅಲ್ಲಲ್ಲಿ ಮೊಗ್ಗು ಮೂಡುತ್ತದೆ. ಒಂದೊಂದು ಮೊಗ್ಗೂ ಮುಂದೆ ಒಂದೊಂದು ಹಲ್ಲು. ಎನಾಮಲ್ ಕಟ್ಟುವ ಜೀವಕೋಶಕ್ಕೆ ಅಮೆಲೋಬ್ಲಾಸ್ಟ್ ಎನ್ನುತ್ತಾರೆ. ಹಲ್ಲು ವಸಡಿನಿಂದ ಹೊರಗೆ ಬರುವಷ್ಟರಲ್ಲಿ ಇವು ಕೆಲಸ ಮುಗಿಸಿ ಇಲ್ಲವಾಗುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಮುರಿದ ಹಲ್ಲಿನ ತುದಿ ಮಾತ್ರ ಮತ್ತೆ ಬೆಳೆಯುವುದಿಲ್ಲ ಅಲ್ವಾ? ಎನಾಮಲ್ ಕಟ್ಟುವವರೇ ಅಲ್ಲಿ ಉಳಿದಿರುವುದಿಲ್ಲ.

ಆದರೆ ಆ ಪಟ್ಟಿಯ ಚೂರುಗಳು, ಬೇರಿನ ಸುತ್ತ ಇದ್ದ ಪದರದ ಚೂರುಗಳು ದವಡೆಯಲ್ಲೂ ವಸಡಿನಲ್ಲೂ ಉಳಿದುಬಿಡುತ್ತವೆ. 1885ರ ಸುಮಾರಿಗೆ ಫ್ರಾನ್ಸಿನ ಲೂಯಿ ಮಲಸ್ಸೇ ಬೇರಿನ ಸುತ್ತಲಿನ ಈ ಚೂರುಗಳನ್ನು ವಿವರವಾಗಿ ಬರೆದಿಟ್ಟರು. ಇವತ್ತಿಗೂ ಅವಕ್ಕೆ ಅವರದೇ ಹೆಸರು. ನಿಮ್ಮ ಬಾಯಲ್ಲೂ ನನ್ನ ಬಾಯಲ್ಲೂ ಇವೆ. ಸುಮ್ನೆ ಇರುತ್ತವೆ. ಎಲ್ಲೋ ಒಬ್ಬರಲ್ಲಿ ಮಾತ್ರ ಇಂಥ ಉಳಿಕೆ ಮತ್ತೆ ಬೆಳೆಯಲು ಹೊರಡುತ್ತದೆ.

ಇದೇನೂ ಈ ಕಾಲದ ಕಾಯಿಲೆ ಅಲ್ಲ. ಟಾಂಜಾನಿಯಾದಲ್ಲಿ ಸಿಕ್ಕ, ಸಸ್ತನಿಗಳ ದೂರದ ನೆಂಟನಾದ ಒಂದು ಪ್ರಾಣಿಯ ದವಡೆಯನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ತೆಳುವಾಗಿ ಕೊಯ್ದು ನೋಡಿದರು. ಹಲ್ಲು ದವಡೆಗೆ ಹೇಗೆ ಅಂಟಿಕೊಂಡಿದೆ ಎಂದು ನೋಡುವುದಷ್ಟೇ ಅವರ ಉದ್ದೇಶ. ಕೋರೆಹಲ್ಲಿನ ಬೇರಿನ ಪಕ್ಕದಲ್ಲಿ ಪುಟಾಣಿ ಹಲ್ಲುಗಳ ಗುಂಪು ಕಾಣಿಸಿತು. ಅದು ಓಡಾಂಟೋಮ. ಆ ಪ್ರಾಣಿ ಬದುಕಿದ್ದು 25 ಕೋಟಿ 50 ಲಕ್ಷ ವರ್ಷಗಳ ಹಿಂದೆ.

ಮನುಷ್ಯರ ದಾಖಲೆ ತೀರಾ ಈಚಿನದು. 1827ರಲ್ಲಿ ಡಬ್ಲಿನ್ ನಗರದ ಸರ್ಜನ್ ಕ್ಯೂಸಾಕ್ ಕೆಳದವಡೆ ಕತ್ತರಿಸಿ ತೆಗೆದ ಪ್ರಕರಣಗಳ ಬಗ್ಗೆ ವರದಿ ಬರೆದರು. ಅಮೆಲೋಬ್ಲಾಸ್ಟೋಮ ಎಂದು ಇವತ್ತು ನಾವು ಕರೆಯುವ ಗಡ್ಡೆಯ ಮೊದಲ ವಿವರಣೆ ಅದೇ ಎನ್ನುತ್ತಾರೆ. ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸುವ ಪದ್ಧತಿ ಬಂದಿದ್ದು 1846ರಲ್ಲಿ. ಅಂದರೆ ಈ ದವಡೆಗಳನ್ನೆಲ್ಲ ಕೊಯ್ದಿದ್ದು ರೋಗಿ ಎಚ್ಚರವಿದ್ದಾಗಲೇ. ಓದುವಾಗ ಕೈ ತಾನಾಗಿ ಗದ್ದದ ಕಡೆ ಹೋಗುತ್ತದೆ.

1860ರ ದಶಕದ ಕೊನೆಗೆ ಪ್ಯಾರಿಸ್ಸಿನ ಪಾಲ್ ಬ್ರೋಕಾ ಹಲ್ಲಿನ ಅಂಗಾಂಶದಿಂದ ಬರುವ ಗಡ್ಡೆಗಳನ್ನೆಲ್ಲ ಸೇರಿಸಿ ಓಡಾಂಟೋಮ್ ಎಂದರು. ಮಾತಿಗೆ ಸಂಬಂಧಿಸಿದ ಮಿದುಳಿನ ಭಾಗವನ್ನು ಗುರುತಿಸಿದ ಬ್ರೋಕಾ ಇವರೇ. ಕ್ಯೂಸಾಕ್ ವಿವರಿಸಿದ ಗಡ್ಡೆಗೆ ಆಮೇಲೆ ಬಂದ ಹೆಸರು ಅಡಮಾಂಟಿನೋಮ. ವಜ್ರದಂತೆ ಗಟ್ಟಿ ಎಂಬ ಅರ್ಥ ಅದರಲ್ಲಿದೆ. ಗಡ್ಡೆ ಮಾತ್ರ ಗಟ್ಟಿ ಇರಲಿಲ್ಲ, ಎನಾಮಲ್ಲನ್ನು ಕಟ್ಟುತ್ತಲೂ ಇರಲಿಲ್ಲ. ಅದಕ್ಕೇ 1930ರ ಹೊತ್ತಿಗೆ ಐವಿ ಮತ್ತು ಚರ್ಚಿಲ್ ಅಮೆಲೋಬ್ಲಾಸ್ಟೋಮ ಎಂಬ ಹೆಸರು ಕೊಟ್ಟರು.

ಈ ಗಡ್ಡೆಯ ಗುಣ ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚಾಗಿ ಬರುವುದು ಕೆಳದವಡೆಯ ಹಿಂದೆ, ಬುದ್ಧಿಹಲ್ಲು ಇರುವ ಜಾಗದಲ್ಲಿ. ನೋವು ಇರುವುದಿಲ್ಲ. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಮುಖದ ಒಂದು ಕಡೆ ದಪ್ಪ ಕಾಣುತ್ತದೆ, ಹಲ್ಲು ಅಲುಗಾಡುತ್ತದೆ. ಮನೆಯಲ್ಲಿ ಸುಣ್ಣ ಅರಿಶಿನ ಹಚ್ಚುತ್ತಾರೆ, ಬಾವು ಇರಬೇಕು ಎಂದು ಮಾತ್ರೆ ನುಂಗುತ್ತಾರೆ. ನೋವಿಲ್ಲವಲ್ಲ ಎಂದು ಸುಮ್ಮನಾಗುತ್ತಾರೆ. ಮೂಳೆ ಒಳಗಿನಿಂದ ಸವೆದು ತೆಳ್ಳಗಾದ ಮೇಲೆ ಬೆರಳಲ್ಲಿ ಒತ್ತಿದರೆ ಮೊಟ್ಟೆಯ ಚಿಪ್ಪಿನ ಹಾಗೆ ಕಟಕಟ ಎನ್ನುತ್ತದೆ. ಎಕ್ಸ್‌ರೇಯಲ್ಲಿ ಸೋಪಿನ ನೊರೆಯಂತೆ ಗುಳ್ಳೆಗುಳ್ಳೆ ಕಾಣುತ್ತದೆ. ನೋವಿಲ್ಲದ ಊತ ದವಡೆಯಲ್ಲಿ ಕೆಲವು ವಾರ ಹಾಗೇ ನಿಂತಿದ್ದರೆ ಒಂದು ಓಪಿಜಿ, ಅಂದರೆ ಎರಡೂ ದವಡೆ ಒಟ್ಟಿಗೆ ಕಾಣುವ ಎಕ್ಸ್‌ರೇ, ತೆಗೆಸಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ.

ಮೈಕ್ರೋಸ್ಕೋಪಿನ ಕೆಳಗೆ ಇದರ ಚಿತ್ರವೇ ಬೇರೆ. ದ್ವೀಪಗಳಂತೆ ಜೀವಕೋಶದ ಗುಂಪುಗಳು. ಅಂಚಿನಲ್ಲಿ ಎತ್ತರದ ಕೋಶಗಳು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದರ ನ್ಯೂಕ್ಲಿಯಸ್ಸೂ ಅಂಚು ಬಿಟ್ಟು ಒಳಮುಖವಾಗಿ ಸರಿದಿರುತ್ತದೆ. ಎನಾಮಲ್ ಕಟ್ಟಲು ತಯಾರಾಗುವ ಕೋಶ ನಿಲ್ಲುವುದೂ ಹೀಗೆಯೇ. ಕೆಲಸಕ್ಕೆ ಸಜ್ಜಾಗಿ ನಿಂತಿವೆ, ಕಟ್ಟುವ ಹಲ್ಲು ಮಾತ್ರ ಇಲ್ಲ. 1970ರಲ್ಲಿ ವಿಕರ್ಸ್ ಮತ್ತು ಗೋರ್ಲಿನ್ ಈ ಲಕ್ಷಣಗಳನ್ನು ಖಚಿತವಾಗಿ ಬರೆದರು. ಕಣ್ಣಿಗೆ ಕಾಣುವ ಅಂಚನ್ನು ದಾಟಿ ಮೂಳೆಯ ಒಳಗೂ ಈ ದ್ವೀಪಗಳು ನುಸುಳಿರುತ್ತವೆ. ಅದಕ್ಕೇ ಬರೀ ಕೆರೆದು ತೆಗೆದರೆ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಮರಳಿ ಬಂದ ವರದಿಗಳಿವೆ. ಕ್ಯಾನ್ಸರ್ ಅಲ್ಲದಿದ್ದರೂ ಸುತ್ತಲಿನ ಒಂದೆರಡು ಸೆಂಟಿಮೀಟರ್ ಒಳ್ಳೆಯ ಮೂಳೆಯನ್ನೂ ಸೇರಿಸಿ ಕತ್ತರಿಸುವುದು ಈ ಕಾರಣಕ್ಕೆ.

ಹೆಸರಿನ ತೊಂದರೆ ಬಂದಿದ್ದು ಇಲ್ಲಿ. ಹದಿಹರೆಯದವರಿಗೆ, ಅದರಲ್ಲೂ ಹುಡುಗಿಯರಿಗೆ, ಮೇಲಿನ ಕೋರೆಹಲ್ಲಿನ ಹತ್ತಿರ ಬರುವ ಒಂದು ಗಡ್ಡೆ ಇದೆ. ಅದನ್ನು ಬಹಳ ಕಾಲ ಅಡಿನೋ ಅಮೆಲೋಬ್ಲಾಸ್ಟೋಮ ಎಂದು ಕರೆಯುತ್ತಿದ್ದರು. ಸುತ್ತ ಗಟ್ಟಿ ಚೀಲ ಇರುತ್ತದೆ, ಸುಲಿದು ತೆಗೆದರೆ ಮುಗಿಯಿತು, ಮರಳಿ ಬರುವುದು ಅಪರೂಪ. ಆದರೆ ಹೆಸರಿನಲ್ಲಿ ಅಮೆಲೋಬ್ಲಾಸ್ಟೋಮ ಇತ್ತಲ್ಲ, ಅದರಂತೆಯೇ ದೊಡ್ಡ ಆಪರೇಷನ್ ಮಾಡಿದ್ದುಂಟು. 1969ರಲ್ಲಿ ಫಿಲಿಪ್ಸೆನ್ ಮತ್ತು ಬಿರ್ನ್ ಆ ಪದವನ್ನೇ ಕಿತ್ತುಹಾಕಿ ಅಡಿನೋಮಟಾಯ್ಡ್ ಓಡಾಂಟೋಜೆನಿಕ್ ಟ್ಯೂಮರ್ ಎಂದರು. ಒಂದು ಪದ ತೆಗೆದಿದ್ದಕ್ಕೆ ಎಷ್ಟು ಮಕ್ಕಳ ಮುಖ ಉಳಿದಿರಬೇಡ!

1971ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಗಡ್ಡೆಗಳಿಗೆಲ್ಲ ಮೊದಲ ಪಟ್ಟಿ ತಂದಿತು. ಅದರ ಹಿಂದಿದ್ದ ದೊಡ್ಡ ಹೆಸರು ಡೆನ್ಮಾರ್ಕಿನ ಯೆನ್ಸ್ ಪಿಂಡ್‌ಬೋರ್ಗ್. 1955ರಲ್ಲಿ ಅವರು ವಿವರಿಸಿದ ಗಡ್ಡೆಗೆ ಇಂದಿಗೂ ಪಿಂಡ್‌ಬೋರ್ಗ್ ಟ್ಯೂಮರ್ ಎನ್ನುತ್ತಾರೆ. ಇವರಿಗೆ ನಮ್ಮ ಬೆಂಗಳೂರಿನ ನಂಟೂ ಇದೆ. ಊರಿನ 10,000 ಜನರ ಬಾಯಿ ಪರೀಕ್ಷಿಸಿ, ಬಿಳಿ ಮಚ್ಚೆಗಳ ಬಗ್ಗೆ 1966ರಲ್ಲಿ ವರದಿ ಪ್ರಕಟಿಸಿದವರಲ್ಲಿ ಅವರೂ ಒಬ್ಬರು.

ಪಟ್ಟಿ ಬಂದ ಮೇಲೂ ಗೊಂದಲ ನಿಲ್ಲಲಿಲ್ಲ. 1956ರಲ್ಲಿ ಫಿಲಿಪ್ಸೆನ್ ಕೆರಾಟೋಸಿಸ್ಟ್ ಎಂದು ಹೆಸರಿಟ್ಟ ನೀರುಗುಳ್ಳೆ ಪದೇಪದೇ ಮರಳಿ ಬರುತ್ತದೆ, ಅದರಲ್ಲಿ ಜೀನ್ ದೋಷವೂ ಸಿಕ್ಕಿತು ಎಂದು 2005ರಲ್ಲಿ ಅದನ್ನು ಗಡ್ಡೆಗಳ ಸಾಲಿಗೆ ಸೇರಿಸಿದರು. ಸಾಕ್ಷ್ಯ ಸಾಲದು ಎಂದು 2017ರಲ್ಲಿ ವಾಪಸ್ ಗುಳ್ಳೆಯೇ ಮಾಡಿದರು. ಹನ್ನೆರಡು ವರ್ಷ ಅದೇ ಕಾಯಿಲೆಯವರ ರಿಪೋರ್ಟಿನಲ್ಲಿ ಟ್ಯೂಮರ್ ಎಂದಿತ್ತು. ಮನೆಗೆ ಹೋಗಿ ಆ ಪದ ಓದಿದವರು ಆ ರಾತ್ರಿ ನಿದ್ದೆ ಮಾಡಿರಲಾರರು.

ದೊಡ್ಡ ತಿರುವು ಬಂದಿದ್ದು 2014ರಲ್ಲಿ. ಫಿನ್‌ಲೆಂಡಿನ ಸಂಶೋಧಕರು ಅಮೆಲೋಬ್ಲಾಸ್ಟೋಮದ ಕೋಶಗಳ ಮೇಲೆ ಒಂದು ಔಷಧ ಪ್ರಯತ್ನಿಸುತ್ತಿದ್ದರು. ಒಂದು ರೋಗಿಯ ಕೋಶಗಳು ಮಾತ್ರ ಬಗ್ಗಲಿಲ್ಲ. ಯಾಕೆಂದು ಹುಡುಕಿದಾಗ ಬ್ರ್ಯಾಫ್ ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರದಷ್ಟು ಬದಲಾವಣೆ ಸಿಕ್ಕಿತು. 24 ಗಡ್ಡೆಗಳನ್ನು ನೋಡಿದರೆ 15ರಲ್ಲಿ ಅದೇ ಇತ್ತು. ಚರ್ಮದ ಒಂದು ಕ್ಯಾನ್ಸರಿನಲ್ಲಿ ಇದೇ ದೋಷಕ್ಕೆ ಆಗಲೇ ಮಾತ್ರೆ ಇತ್ತು. ಇಸ್ರೇಲಿನ ವೈದ್ಯರು ಈಚೆಗೆ ಆಪರೇಷನ್ನಿಗೆ ಮೊದಲೇ ಆ ಬಗೆಯ ಮಾತ್ರೆ ಕೊಟ್ಟು, ಗಡ್ಡೆ ಕುಗ್ಗಿಸಿ, ಕಳೆದುಹೋಗಬೇಕಿದ್ದ ದವಡೆಗಳನ್ನು ಉಳಿಸಿದ್ದಾರೆ. ಎಲ್ಲರಿಗೂ ಆಗುವ ಚಿಕಿತ್ಸೆ ಇದಲ್ಲ. ಈಗಲೂ ಹೆಚ್ಚಿನವರಿಗೆ ಆಪರೇಷನ್ನೇ ಗತಿ. ದವಡೆಯ ಜಾಗಕ್ಕೆ ಕಾಲಿನ ತೆಳು ಮೂಳೆ ತಂದು, ರಕ್ತನಾಳ ಜೋಡಿಸಿ ಕೂರಿಸುವ ವಿದ್ಯೆ 1989ರಿಂದ ಬೆಳೆದುಬಂದಿದೆ.

ಈಗ ಬಯಾಪ್ಸಿ ರಿಪೋರ್ಟಿನಲ್ಲಿ ಗಡ್ಡೆಯ ಹೆಸರಿನ ಕೆಳಗೆ ಇನ್ನೊಂದು ಸಾಲು ಬರಲು ಶುರುವಾಗಿದೆ, ಬ್ರ್ಯಾಫ್ ದೋಷ ಇದೆಯೋ ಇಲ್ಲವೋ ಎಂದು. ಸರ್ಜನ್ ಮೊದಲು ನೋಡುವುದು ಹೆಸರನ್ನು, ಆಮೇಲೆ ಆ ಸಾಲನ್ನು.